ಯಾತ್ರೆ ಹೊರಡುವ ಊರಿನ ಹೆಂಗಸರು

ಕೇರಳದ ರಾಜಕೀಯದಲ್ಲಿ ನಮ್ಮ ಕಾಸರಗೋಡಿಗೆ ಒಂದು ಕಾಯಂ ಕೆಲಸ ಇದೆ. ಯಾವ ಪಕ್ಷದ ಯಾತ್ರೆಯೇ ಇರಲಿ, ಹೆಚ್ಚಾಗಿ ಹೊರಡುವುದು ಇಲ್ಲಿಂದ. ರಾಜ್ಯದ ಬಡಗಿನ ತುತ್ತತುದಿಯಲ್ಲಿ ನಾವಿದ್ದೇವೆ, ಅದಕ್ಕೆ. ಮಂಜೇಶ್ವರದಲ್ಲೋ ಕುಂಬಳೆಯಲ್ಲೋ ಕಾಸರಗೋಡು ಪೇಟೆಯಲ್ಲೋ ಪೆಂಡಾಲು ಏಳುತ್ತದೆ. ತೆಂಕಿನಿಂದ ನಾಯಕರು ಬರುತ್ತಾರೆ, ಅವರ ಹಿಂದೆ ಚಾನೆಲ್‌ಗಳ ವ್ಯಾನುಗಳು. ಧ್ವಜ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಭಾಷಣ ಮುಗಿದ ಕೂಡಲೇ ಎಲ್ಲರೂ ಬಂದ ದಾರಿಯಲ್ಲೇ ತೆಂಕಿಗೆ ಹೊರಡುತ್ತಾರೆ. ಮರುದಿನ ಇಲ್ಲಿ ಏನಾಯ್ತು ಅಂತ ನೋಡಲು ಒಂದು ಕ್ಯಾಮೆರಾವೂ ಉಳಿದಿರುವುದಿಲ್ಲ.

ಆ ಪೆಂಡಾಲಿನ ಕುರ್ಚಿಗಳಲ್ಲಿ ಕೂತವರು ಯಾರು ಅಂತ ನೋಡಿದ್ದೀರಾ? ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಬೆಳಗ್ಗಿನ ಅಡಿಗೆ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಜೀಪಿನಲ್ಲಿ ಒತ್ತಿಕೊಂಡು ಬಂದವರು. ನಮ್ಮನ್ನು ನಾಲ್ಕು ಜನರಿಗೆ ಕಾಣುವ ಹಾಗೆ ನಿಲ್ಲಿಸಲು ಎಲ್ಲರಿಗೂ ಉತ್ಸಾಹ ಇದೆ. ನಮ್ಮ ಮಾತು ಕೇಳಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಇದು ನನ್ನನ್ನು ವರ್ಷಗಳಿಂದ ಕೊರೆಯುತ್ತಿದೆ.

ಶಬರಿಮಲೆಯ ಗಲಾಟೆಯ ಕಾಲದಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಂಡಿತು. 2018ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟು ಎಲ್ಲ ವಯಸ್ಸಿನ ಹೆಂಗಸರೂ ಬೆಟ್ಟಕ್ಕೆ ಹೋಗಬಹುದು ಎಂದಿತು. ಅದೇ ಡಿಸೆಂಬರ್ 26ರ ಸಂಜೆ ತೀರ್ಪನ್ನು ವಿರೋಧಿಸುವವರು ಹೆದ್ದಾರಿಯ ಬದಿಯಲ್ಲಿ ದೀಪ ಹಿಡಿದು ನಿಂತರು. ಆ ಅಯ್ಯಪ್ಪ ಜ್ಯೋತಿ ಶುರುವಾದದ್ದು ನಮ್ಮ ಹೊಸಂಗಡಿಯಿಂದ. ವಾರ ಕಳೆಯುವ ಮೊದಲೇ, 2019ರ ಜನವರಿ 1ರಂದು, ಸರಕಾರದ ಮುಂದಾಳತ್ವದಲ್ಲಿ, ಹೆಂಗಸರ ಸಮಾನತೆಯ ಪರವಾಗಿ, ವನಿತಾ ಮತಿಲ್ ಎದ್ದಿತು. ಕಾಸರಗೋಡಿನಿಂದ ತಿರುವನಂತಪುರದ ತನಕ ಸುಮಾರು 620 ಕಿಲೋಮೀಟರ್ ಉದ್ದದ ಹೆಂಗಸರ ಗೋಡೆ. ಆಗ ಆರೋಗ್ಯ ಸಚಿವೆಯಾಗಿದ್ದ ಕೆ.ಕೆ. ಶೈಲಜಾ ಇಲ್ಲಿ ಮೊದಲನೆಯವರಾಗಿ ನಿಂತರು, ಅಲ್ಲಿ ಕೊನೆಯವರಾಗಿ ಸಿಪಿಎಂ ನಾಯಕಿ ಬೃಂದಾ ಕಾರಟ್. ನಡುವೆ ನಮ್ಮ ಜಿಲ್ಲೆಯದ್ದೇ ಚೆಟ್ಟುಕುಂಡಿನಲ್ಲಿ ಕಲ್ಲು ತೂರಾಟವೂ ನಡೆಯಿತು.

ನಮ್ಮ ನೆರೆಕರೆಯ ಅಕ್ಕ ಒಬ್ಬರು ಎರಡೂ ಸಾಲಿನಲ್ಲಿ ನಿಂತಿದ್ದರು. ದೀಪಕ್ಕೆ ದೇವಸ್ಥಾನದ ಕಡೆಯವರು ಕರೆದಿದ್ದರು, ಗೋಡೆಗೆ ಸರಕಾರದ ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯವರು. ಎರಡೂ ಕಡೆಯವರು ಬೇಕಾದವರೇ, ಇಲ್ಲ ಅನ್ನುವುದು ಹೇಗೆ? ಈ ವಿಷಯದಲ್ಲಿ ನಿಮಗೆ ಎಂತ ಕಾಣ್ತದೆ ಅಕ್ಕ ಅಂತ ಕೇಳಿದೆ. "ಎಷ್ಟು ಜನ ಬರ್ತೀರಿ ಅಂತ ಎರಡೂ ಕಡೆಯವರು ಕೇಳಿದ್ರು. ನಿಂಗೆ ಎಂತ ಕಾಣ್ತದೆ ಅಂತ ಕೇಳಿದ್ದು ನೀನೇ ಮೊದಲು," ಅಂದರು. ಆಮೇಲೆ ಹೇಳಿದರು: "ನಂಗೆ ಬೆಟ್ಟ ಹತ್ತುವ ಆಸೆ ಇಲ್ಲ. ಹೋಗುವವಳನ್ನು ತಡೆಯುದೂ ನಂಗೆ ಸರಿ ಕಾಣುದಿಲ್ಲ. ಮುಟ್ಟಿನ ದಿವಸಗಳಲ್ಲೇ ನಾನು ತೊಳಿಲುರಪ್ಪಿನ (ಉದ್ಯೋಗ ಖಾತರಿ) ಕೆಲಸಕ್ಕೆ ಹೋಗಿ ಕಲ್ಲು ಹೊತ್ತಿದ್ದೇನೆ. ನಾನು ಹೊತ್ತ ಕಲ್ಲಿನಲ್ಲಿ ಕಟ್ಟಿದ ತೋಡಿನ ನೀರು ಊರಿಗೆಲ್ಲ ಬೇಕು. ಆಗ ಯಾರಿಗೂ ಮೈಲಿಗೆ ಆಗ್ಲಿಲ್ಲ."

ಆ ತಿಂಗಳುಗಳಲ್ಲಿ ನಾನು ಎಷ್ಟು ಚರ್ಚೆ ನೋಡಿರಬಹುದು! ಮಲಯಾಳದಲ್ಲಿ ರಾತ್ರಿ ಎಂಟರ ಚರ್ಚೆ, ಅದು ಮುಗಿದರೆ ಕನ್ನಡದಲ್ಲಿ ಒಂಬತ್ತರದ್ದು. ಒಂದರಲ್ಲೂ ಇಷ್ಟು ನೇರವಾದ ಮಾತು ಕೇಳಲಿಲ್ಲ. ಪರ ಒಬ್ಬರು, ವಿರೋಧ ಒಬ್ಬರು, ನಡುವೆ ಕೂಗುವ ನಿರೂಪಕ. ಬೆಟ್ಟ ಹತ್ತುವುದೂ ಬೇಡ, ತಡೆಯುವುದೂ ಬೇಡ ಅನ್ನುವ ಹೆಂಗಸನ್ನು ಕೂರಿಸಲು ಅಲ್ಲಿ ಕುರ್ಚಿಯೇ ಇಲ್ಲ. ಡ್ರೋನು ಮೇಲಿನಿಂದ ಸಾಲನ್ನು ತೋರಿಸಿತು. ಅಷ್ಟು ಎತ್ತರದಿಂದ ಅಕ್ಕನ ಮುಖ ಕಾಣುವುದಿಲ್ಲ, ಅಲ್ವಾ?

ಇಲ್ಲಿಂದಲೇ ಹೊರಟ ಇನ್ನೊಂದು ಯಾತ್ರೆ ಬೇರೆ ಥರದ್ದು. 2025ರ ಫೆಬ್ರವರಿ 10ರಿಂದ ಆಶಾ ಕಾರ್ಯಕರ್ತೆಯರು ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ಧರಣಿ ಕೂತರು. ತಿಂಗಳಿಗೆ 7,000 ರೂಪಾಯಿ ಗೌರವಧನ ಸಾಲುವುದಿಲ್ಲ, 21,000 ಮಾಡಿ ಅಂತ ಅವರ ಬೇಡಿಕೆ. ಐವತ್ತನೇ ದಿನ ಬೀದಿಯಲ್ಲೇ ಕೂದಲು ಕತ್ತರಿಸಿಕೊಂಡರು. ಮೇ 5ಕ್ಕೆ ಕಾಸರಗೋಡಿನಿಂದ ಹಗಲು ರಾತ್ರಿಯ ಯಾತ್ರೆ ಹೊರಡಿಸಿದರು. ಇವರನ್ನು ಯಾರೂ ಜೀಪು ಕಳಿಸಿ ಕರೆಸಿರಲಿಲ್ಲ. ಬೇಡಿಕೆ ಅವರದ್ದು, ಘೋಷಣೆ ಅವರದ್ದು, ಮೈಕೂ ಅವರ ಕೈಯಲ್ಲೇ. ಟಿವಿಗಳು ಹೆಚ್ಚು ತೋರಿಸಿದ್ದು ಮಾತ್ರ ಕತ್ತರಿಸಿದ ಜಡೆಯನ್ನು. ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಒಂದು ದಿನದಲ್ಲಿ ಎಷ್ಟು ಮನೆ ಹತ್ತಿ ಇಳಿಯುತ್ತಾಳೆ, ಬಾಣಂತಿ ಇರುವ ಮನೆಗೆ ಹೋಗಲು ಗುಡ್ಡೆಯ ಮೇಲೆ ಎಷ್ಟು ದೂರ ನಡೆಯುತ್ತಾಳೆ, ಆಟೋ ಬಾಡಿಗೆ ಯಾರು ಕೊಡುತ್ತಾರೆ, ಅದೆಲ್ಲ ಅಷ್ಟು ಹೊತ್ತು ಯಾರೂ ತೋರಿಸಲಿಲ್ಲ. ಎಂಟು ತಿಂಗಳು ದಾಟಿದ ಮೇಲೆ ಧರಣಿ ನಿಂತಿತು. ಗೌರವಧನ 8,000 ಆಗಿತ್ತು. ಇಷ್ಟು ದಿನ ಬಿಸಿಲು ಮಳೆಯಲ್ಲಿ ಕೂತದ್ದಕ್ಕೆ ಸಾವಿರ ರೂಪಾಯಿ ಕಡಿಮೆಯೇ. ಆದರೂ ಅದು ಅವರು ಕೇಳಿ ಪಡೆದದ್ದು. ನನ್ನ ಮಟ್ಟಿಗೆ 620 ಕಿಲೋಮೀಟರ್ ಸಾಲಿಗಿಂತ ಇದು ದೊಡ್ಡದು.

ಸಿನಿಮಾದ ವಿಷಯಕ್ಕೆ ಬಂದರೂ ಹೀಗೆಯೇ. 2017ರಲ್ಲಿ ಕೊಚ್ಚಿಯಲ್ಲಿ ನಟಿಯೊಬ್ಬರನ್ನು ಕಾರಿನಲ್ಲೇ ಅಪಹರಿಸಿ ದೌರ್ಜನ್ಯ ಮಾಡಿದರು. ಅದಾದ ಮೇಲೆ ಮಲಯಾಳ ಚಿತ್ರರಂಗದ ಹೆಂಗಸರು ಸೇರಿ ಡಬ್ಲ್ಯುಸಿಸಿ (ವಿಮೆನ್ ಇನ್ ಸಿನಿಮಾ ಕಲೆಕ್ಟಿವ್) ಅನ್ನುವ ಸಂಘಟನೆ ಕಟ್ಟಿದರು. ಅವರು ಪಟ್ಟು ಹಿಡಿದದ್ದರಿಂದ ಚಿತ್ರರಂಗದ ಹೆಂಗಸರ ಪಾಡು ತಿಳಿಯಲು ಸರಕಾರ ನ್ಯಾಯಮೂರ್ತಿ ಹೇಮಾ ಅವರ ಸಮಿತಿ ಮಾಡಿತು. ನಟಿ ಶಾರದಾ ಅದರಲ್ಲಿ ಒಬ್ಬ ಸದಸ್ಯೆ. ವರದಿ ಮುಖ್ಯಮಂತ್ರಿಗಳ ಕೈ ಸೇರಿದ್ದು 2019ರ ಕೊನೆಯ ದಿನ. ನಮ್ಮ ಕಣ್ಣಿಗೆ ಬಿದ್ದದ್ದು 2024ರ ಆಗಸ್ಟ್ 19ಕ್ಕೆ, ಅದೂ ಕೆಲವು ಪುಟ, ಕೆಲವು ಸಾಲು ತೆಗೆದ ಮೇಲೆ. ನಾಲ್ಕೂವರೆ ವರ್ಷ ಅದು ಕಪಾಟಿನಲ್ಲಿತ್ತು.

ವರದಿ ಹೊರಬಿದ್ದ ವಾರ ಎಲ್ಲರಿಗೂ ಬೇಕಾದದ್ದು ಹೆಸರು. ಯಾವ ನಟ, ಯಾವ ನಿರ್ದೇಶಕ? ಬೇಡ ಅನ್ನುವುದಿಲ್ಲ, ತಪ್ಪು ಮಾಡಿದವರ ಹೆಸರು ಬರಲೇಬೇಕು. ನನಗೆ ಮರೆಯಲಾಗದ್ದು ವರದಿಯ ಇನ್ನೊಂದು ಭಾಗ. ಶೂಟಿಂಗ್ ಜಾಗದಲ್ಲಿ ಹೆಂಗಸರಿಗೆ ಶೌಚಾಲಯ ಇರುವುದಿಲ್ಲ. ಬಟ್ಟೆ ಬದಲಿಸಲು ಮರೆ ಇರುವುದಿಲ್ಲ. ಅದಕ್ಕೆ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಗಂಟೆಗಟ್ಟಲೆ ತಡೆದುಕೊಳ್ಳುತ್ತಾರೆ, ಮೂತ್ರದ ಸೋಂಕು ಅಂಟಿಸಿಕೊಳ್ಳುತ್ತಾರೆ. ಜೂನಿಯರ್ ಆರ್ಟಿಸ್ಟುಗಳ ಪಾಡಂತೂ ಹೇಳಿ ಸುಖ ಇಲ್ಲ.

ಇದನ್ನು ಓದಿದಾಗ ನನಗೆ ಸಿನಿಮಾ ನೆನಪಾಗಲಿಲ್ಲ. ಪೇಟೆಯ ಜವಳಿ ಅಂಗಡಿಗಳ ಹುಡುಗಿಯರು ನೆನಪಾದರು. ಬೆಳಗ್ಗೆ ಒಂಬತ್ತೂವರೆಗೆ ಬಂದವರು ರಾತ್ರಿ ಎಂಟರ ತನಕ ನಿಂತೇ ಸೀರೆ ಬಿಡಿಸುತ್ತಾರೆ. ನನ್ನ ಜೊತೆ ಓದಿದ ಒಬ್ಬಳು ಅಂಥ ಒಂದು ಅಂಗಡಿಯಲ್ಲಿದ್ದಳು. ಮಧ್ಯಾಹ್ನ ಊಟದ ಜೊತೆ ಅರ್ಧ ಗ್ಲಾಸು ನೀರು, ಅಷ್ಟೇ. "ಜಾಸ್ತಿ ಕುಡಿದ್ರೆ ಹೋಗ್ಬೇಕಾಗ್ತದೆ, ಹೋಗ್ಬೇಕಾದ್ರೆ ಕೇಳ್ಬೇಕಾಗ್ತದೆ" ಅನ್ನುತ್ತಿದ್ದಳು. ಇಂಥ ಹೆಂಗಸರ ದನಿಯನ್ನು ಎತ್ತಿದವರು ಕೋಝಿಕ್ಕೋಡಿನ ವಿಜಿ ಮತ್ತು ಅವರ ಪೆಣ್‌ಕೂಟ್ಟ್ ಸಂಘಟನೆ. ಹೊಲಿಗೆ ಕೆಲಸದಿಂದ ಬಂದ ಹೆಂಗಸು ಅವರು. ಶೌಚಾಲಯ ಕೊಡಿ ಅಂತ ಶುರು ಮಾಡಿದರು, ಕೂರಲು ಬಿಡಿ ಅಂತ ಮುಂದುವರಿಸಿದರು. 2018ರಲ್ಲಿ ಕೇರಳ ಕಾನೂನನ್ನೇ ತಿದ್ದಿತು. ಅಂಗಡಿಯಲ್ಲಿ ದುಡಿಯುವವರಿಗೆ ಕೂರುವ ಹಕ್ಕು ಸಿಕ್ಕಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಚಿತ್ರನಟಿಗೂ ಸೀರೆ ಮಾರುವವಳಿಗೂ ಕಷ್ಟ ಒಂದೇ. ಇದನ್ನು ಒಂದೇ ಸುದ್ದಿಯಾಗಿ ಕಂಡ ಪತ್ರಿಕೆ ನನ್ನ ಕೈಗಂತೂ ಸಿಗಲಿಲ್ಲ.

ಕನ್ನಡ ಚಾನೆಲ್‌ಗಳಿಗೆ ಆ ವರದಿ ಪಕ್ಕದ ಮನೆಯ ಜಗಳದ ಹಾಗೆ ಇತ್ತು. ಬೆಂಗಳೂರಿನಲ್ಲಿ ಕನ್ನಡ ಚಿತ್ರರಂಗದವರ ಫೈರ್ ಸಂಸ್ಥೆಯವರು ನಮಗೂ ಅಂಥದ್ದೊಂದು ಸಮಿತಿ ಬೇಕು ಅಂತ ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟರು. ಸ್ವಲ್ಪ ದಿನ ಚರ್ಚೆ ಆಯ್ತು, ಆಮೇಲೆ ತಣ್ಣಗಾಯ್ತು. ಗಡಿಯಲ್ಲಿ ಕೂತು ಎರಡೂ ಭಾಷೆಯ ಸುದ್ದಿ ನೋಡುವ ನನಗೆ ಇದು ಬೇಸರ ತರುತ್ತದೆ. ಅಲ್ಲಿನ ಹೆಂಗಸರು ಬಾಯಿ ಬಿಟ್ಟದ್ದರಿಂದ ಕಲಿಯುವುದು ಬಿಟ್ಟು, ಅಲ್ಲಿ ಕೊಳಕು ಇದೆ ಅಂತ ಮೂಗು ಮುಚ್ಚಿಕೊಂಡರೆ ಇಲ್ಲಿನ ಹೆಂಗಸರಿಗೆ ಏನು ಬಂತು?

ಇನ್ನು ಧಾರಾವಾಹಿಗಳು. ಹೆಂಗಸರು ಸೀರಿಯಲ್ ನೋಡಿ ಹಾಳಾದರು ಅಂತ ಹೇಳುವುದು ಸುಲಭ. ನನಗೆ ಆ ಮಾತು ಹಿಡಿಸುವುದಿಲ್ಲ. ನಮ್ಮ ಕಡೆ ಸಂಜೆ ಹೊತ್ತು ಯಾವುದಾದರೂ ಬೀಡಿ ಕಟ್ಟುವ ಮನೆಗೆ ಹೋಗಿ ನೋಡಿ. ಮಡಿಲಲ್ಲಿ ತಡ್ಪೆ (ಮೊರ), ತಡ್ಪೆಯಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಕಣ್ಣು ಟಿವಿಯ ಮೇಲೆ. ಬೆರಳು ತಾನಾಗಿ ಎಲೆಗೆ ಪುಡಿ ತುಂಬಿಸಿ, ಸುರುಳಿ ಸುತ್ತಿ, ತುದಿ ಮಡಚಿ ನೂಲು ಕಟ್ಟುತ್ತದೆ. ಜಾಹೀರಾತು ಬಂದಾಗ ಅವಳು ಕಟ್ಟು ಎಣಿಸುತ್ತಾಳೆ. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ, ಹಾಗಾಗಿ ಕೈ ನಿಲ್ಲಿಸುವ ಹಾಗಿಲ್ಲ. ಸೀರಿಯಲ್ಲಿನ ಸೊಸೆ ರೇಷ್ಮೆ ಸೀರೆ ಉಟ್ಟುಕೊಂಡು ಅಡಿಗೆ ಮನೆಯಲ್ಲಿ ಅಳುತ್ತಾಳೆ. ಅವಳಿಗೆ ಕೆಲಸವೂ ಇಲ್ಲ, ಮಜೂರಿಯೂ ಇಲ್ಲ, ಪಿಎಫ್ ಚಿಂತೆಯಂತೂ ಇಲ್ಲವೇ ಇಲ್ಲ. ಅವಳ ಶತ್ರು ಇನ್ನೊಬ್ಬ ಹೆಂಗಸು. ಗಂಡ ಯಾವಾಗಲೂ ಏನೂ ಗೊತ್ತಿಲ್ಲದ ಪಾಪದವನು. ವರ್ಷಗಟ್ಟಲೆ ಈ ಸುಳ್ಳನ್ನು ಎರಡೂ ಭಾಷೆಯಲ್ಲಿ ನಮಗೆ ಉಣಿಸಿದ್ದಾರೆ. ನನ್ನ ಸಿಟ್ಟು ಬರೆಯುವವರ ಮೇಲೆ, ನೋಡುವವರ ಮೇಲಲ್ಲ.

ಯಾಕೆಂದರೆ ನೋಡುವವರು ಆ ಕಥೆಯನ್ನು ಹಾಗೇ ನುಂಗುವುದಿಲ್ಲ. ಕಟ್ಟಿದ ಬೀಡಿ ಕೊಡುವ ಬ್ರಾಂಚಿನ ಎದುರು ಸರದಿಗೆ ಕಾಯುವಾಗ ಮಾತಿಗೆ ಕಿವಿ ಕೊಟ್ಟರೆ ಗೊತ್ತಾಗುತ್ತದೆ. "ಅವಳು ಅವತ್ತೇ ಮನೆ ಬಿಟ್ಟು ಹೋಗ್ಬೇಕಿತ್ತು." "ಹೋಗಿ ಎಲ್ಲಿಗೆ ಹೋಗುದು ಮಾರಾಯ್ತಿ, ತವರಿನಲ್ಲಿ ಅತ್ತಿಗೆ ಇಲ್ವಾ?" "ಹೆಸರಿಗೆ ಐದು ಸೆಂಟ್ಸ್ ಜಾಗ ಇದ್ರೆ ಇಷ್ಟೆಲ್ಲ ಕೇಳ್ಬೇಕಿತ್ತಾ?" ಸೊಸೆಯ ಹೆಸರಿನಲ್ಲಿ ಅವರು ಮಾತಾಡುವುದು ತಮ್ಮ ತಮ್ಮ ಮನೆಯ ವಿಷಯ. ಸ್ವಂತದ್ದು ಅಂತ ಹೇಳಿಕೊಂಡರೆ ಮರುದಿನ ಊರೆಲ್ಲ ಸುದ್ದಿ. ಸೀರಿಯಲ್ಲಿನದ್ದು ಅಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಹೆಸರಿಗೆ ಜಾಗ ಇಲ್ಲದ್ದೇ ಎಲ್ಲದರ ಬೇರು ಅಂತ ಯಾವ ಸಂಚಿಕೆಯೂ ಹೇಳಿಕೊಟ್ಟಿಲ್ಲ, ಅದನ್ನು ಅವರೇ ಹುಡುಕಿದ್ದು.

ನಮ್ಮ ಕನ್ನಡದ ವೇದಿಕೆಗಳ ಬಗ್ಗೆಯೂ ಹೇಳದೆ ಇರಲಾರೆ. ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. 1967ರಲ್ಲಿ ಗಡಿ ತಕರಾರಿನ ಬಗ್ಗೆ ಮಹಾಜನ ಆಯೋಗದ ವರದಿ ಬಂತು, ಚಂದ್ರಗಿರಿ ಹೊಳೆಯ ಬಡಗಿನ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತು. ಅಂದಿನಿಂದ ಇಂದಿನ ತನಕ ಕನ್ನಡದ ಸಭೆಗಳಲ್ಲಿ ಚಂದ್ರಗಿರಿ ಅಂದರೆ ಗಡಿ. ಆ ಸಭೆಗಳ ಹಳೆಯ ಫೋಟೋ ತೆಗೆದು ನೋಡಿದರೆ ವೇದಿಕೆ ತುಂಬ ಗಂಡಸರು. ಹೆಂಗಸರು ಪ್ರಾರ್ಥನೆ ಹಾಡಿ ಇಳಿದು ಹೋಗಿರುತ್ತಾರೆ. ಆ ಹೋರಾಟಗಾರರ ಮೇಲೆ ನನಗೆ ಗೌರವ ಇದೆ. ಅವರಿಲ್ಲದಿದ್ದರೆ ನಾನು ಕನ್ನಡ ಮಾಧ್ಯಮದಲ್ಲಿ ಓದುತ್ತಿರಲಿಲ್ಲ. ಆದರೆ ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ಹಾಕಿದಾಗ ಗೇಟಿನ ಎದುರು ಬಂದು ನಿಂತವರಲ್ಲಿ ತಾಯಂದಿರೂ ಇದ್ದರಲ್ಲ? ಮನೆಯಲ್ಲಿ ಮಗುವಿನ ಪಕ್ಕ ಕೂತು ಕಾಗುಣಿತ ಬರೆಸಿದವರು ಯಾರು?

ಅದೇ ಚಂದ್ರಗಿರಿಯನ್ನು ಲೇಖಕಿ ಸಾರಾ ಅಬೂಬಕ್ಕರ್ ಬೇರೆ ಕಡೆಯಿಂದ ನೋಡಿದರು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಮುಸ್ಲಿಂ ಹೆಣ್ಣುಮಕ್ಕಳು ಹೈಸ್ಕೂಲು ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಕನ್ನಡದಲ್ಲಿ ಓದಿದವರು. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಲಂಕೇಶ್ ಪತ್ರಿಕೆಯಲ್ಲಿ ಬಂದಾಗ ಆ ಹೊಳೆಯ ದಡದಲ್ಲಿ ಒಬ್ಬಳು ಹೆಣ್ಣುಮಗಳ ಬದುಕು ಕಂಡಿತು. ಅಪ್ಪನ ಹಟ ಮತ್ತು ತಲಾಖಿನ ನಡುವೆ ಸಿಕ್ಕಿಬಿದ್ದ ನಾದಿರಾ. ಹೊಳೆ ಯಾವ ರಾಜ್ಯಕ್ಕೆ ಅಂತ ಗಂಡಸರು ಲೆಕ್ಕ ಹಾಕುತ್ತಿದ್ದಾಗ, ಆ ದಡದ ಹೆಣ್ಣು ಯಾರ ಮಾತಿಗೆ ಬದುಕಬೇಕು ಅಂತ ಸಾರಾ ಕೇಳಿದರು. ಇದನ್ನು ಬರೆದದ್ದಕ್ಕೆ ಅವರು ತಮ್ಮವರಿಂದಲೇ ವಿರೋಧ ಉಂಡರು. ಜನರಿಂದ ದೂರ ಹೋಗಲಿಲ್ಲ, ಬರೆಯುವುದನ್ನೂ ನಿಲ್ಲಿಸಲಿಲ್ಲ.

ಮುಂದೆ ಆದದ್ದು ಇನ್ನೂ ಬೇಜಾರಿನದ್ದು. 2011ರ 'ಬ್ಯಾರಿ' ಸಿನಿಮಾ ದೇಶದ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ಮರಾಠಿ ಚಿತ್ರವೊಂದರ ಜೊತೆ ಹಂಚಿಕೊಂಡಿತು. ಇದು ನನ್ನ ಕಾದಂಬರಿಯ ಕಥೆ, ನನ್ನನ್ನು ಕೇಳದೆ ಮಾಡಿದ್ದಾರೆ ಅಂತ ಸಾರಾ ಕೋರ್ಟಿಗೆ ಹೋದರು. ಮಂಗಳೂರಿನ ಕೋರ್ಟು ಅವರ ಮಾತನ್ನು ಎತ್ತಿಹಿಡಿಯಿತು. ಎಪ್ಪತ್ತು ದಾಟಿದ ಲೇಖಕಿ ತನ್ನ ಕಥೆ ತನ್ನದು ಅಂತ ಸಾಬೀತು ಮಾಡಲು ಕೋರ್ಟು ಮೆಟ್ಟಿಲು ಹತ್ತಬೇಕಾಯಿತು. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ಎಲ್ಲ ಪತ್ರಿಕೆಗಳೂ ಹೊಗಳಿದವು. ನಮ್ಮ ಜಿಲ್ಲೆಯ ಹೈಸ್ಕೂಲು ಹುಡುಗಿಯರಲ್ಲಿ ಎಷ್ಟು ಜನರಿಗೆ ಅವರ ಹೆಸರು ಗೊತ್ತು ಅಂತ ಕೇಳಿ ನೋಡಿ, ಆಗ ಗೊತ್ತಾಗುತ್ತದೆ.

ಲೀಲಾವತಿ ಬೈಪಡಿತ್ತಾಯರೂ ನಮ್ಮೂರಿನವರೇ. ಮಧೂರಿನಲ್ಲಿ 1947ರಲ್ಲಿ ಹುಟ್ಟಿದವರು. ಗಂಡ ಹರಿನಾರಾಯಣ ಬೈಪಡಿತ್ತಾಯರಿಂದ ಯಕ್ಷಗಾನದ ಪಾಠ ಕಲಿತು, ತೆಂಕುತಿಟ್ಟಿನ ಮೇಳಗಳಲ್ಲಿ ವೃತ್ತಿಯಾಗಿ ಭಾಗವತಿಕೆ ಮಾಡಿದ ಮೊದಲ ಮಹಿಳೆಯಾದರು. ಯಕ್ಷಗಾನ ನೋಡುವವರಿಗೆ ಇದರ ತೂಕ ಗೊತ್ತು. ಭಾಗವತರು ಅಂದರೆ ಬರೀ ಹಾಡುವವರಲ್ಲ, ಇಡೀ ಆಟ ಅವರ ಕೈಯಲ್ಲಿ. ಯಾವ ಪದ್ಯ ಎಳೆಯಬೇಕು, ಯಾವುದನ್ನು ಬಿಡಬೇಕು, ವೇಷ ಯಾವಾಗ ಕುಣಿಯಬೇಕು, ಮಾತು ಎಲ್ಲಿ ಸಾಕು, ಎಲ್ಲ ಅವರದ್ದೇ ತೀರ್ಮಾನ. ಹೆಣ್ಣು ವೇಷವನ್ನೂ ಗಂಡಸರೇ ಮಾಡುವ ಮೇಳದಲ್ಲಿ, ರಾವಣನನ್ನೂ ಮಹಿಷಾಸುರನನ್ನೂ ಕುಣಿಸುವ ಜಾಗದಲ್ಲಿ ಸೀರೆ ಉಟ್ಟ ಹೆಂಗಸು ಕೂತರು. ರಾತ್ರಿಯಿಡೀ ಚೆಂಡೆಯ ಅಬ್ಬರದ ಮೇಲೆ ದನಿ ಏರಿಸಿ ಹಾಡಿದರು. ನಿಂತ ಗಂಡಸರು ಅವರ ಜಾಗಟೆಯ ಪೆಟ್ಟಿಗೆ ಹೆಜ್ಜೆ ಹಾಕಿದರು. 2024ರ ಡಿಸೆಂಬರಿನಲ್ಲಿ ಅವರು ಹೋದರು. ಇವತ್ತು ತೆಂಕುತಿಟ್ಟಿನಲ್ಲಿ ಹಲವು ಹುಡುಗಿಯರು ಭಾಗವತಿಕೆ ಮಾಡುತ್ತಾರೆ, ಫೋನಿನಲ್ಲಿ ಅವರ ಪದ್ಯಗಳು ಓಡಾಡುತ್ತವೆ. ಕೆಳಗಿನ ಕಾಮೆಂಟುಗಳಲ್ಲಿ ಸೀರೆ, ಮೂಗುತಿಯ ವಿಷಯ ಬರೆಯುವವರು ಇನ್ನೂ ಇದ್ದಾರೆ. ರಾಗ ಹೇಗೆ ತಂದಳು ಅಂತ ಬರೆಯುವವರೂ ಈಗ ಕಾಣುತ್ತಾರೆ. ಅದೇ ನನಗೆ ಖುಷಿ.

ರಾಜಕೀಯದಲ್ಲಿ ಆ ಜಾಗಟೆ ನಮ್ಮ ಕೈಗೆ ಬಂದದ್ದು ಪಂಚಾಯತಿನಲ್ಲಿ ಮಾತ್ರ. ಕೇರಳದಲ್ಲಿ 2010ರ ಚುನಾವಣೆಯಿಂದ ಸ್ಥಳೀಯ ಸಂಸ್ಥೆಗಳ ಅರ್ಧ ಸೀಟು ಹೆಂಗಸರಿಗೆ. ಮೇಲೆ ಹೋದ ಹಾಗೆ ಲೆಕ್ಕ ಕೆಳಗಿಳಿಯುತ್ತದೆ. 2021ರ ವಿಧಾನಸಭೆ ಚುನಾವಣೆಯಲ್ಲಿ 140ರಲ್ಲಿ ಗೆದ್ದ ಹೆಂಗಸರು 11. ಕರ್ನಾಟಕದಲ್ಲೂ ಹೆಮ್ಮೆ ಪಡುವಂಥದ್ದೇನಿಲ್ಲ, 2023ರಲ್ಲಿ 224ರಲ್ಲಿ 10. 2024ರ ಲೋಕಸಭೆಯ ಸಾರ್ವತ್ರಿಕ ಚುನಾವಣೆಯಲ್ಲಿ ಕೇರಳದ 20 ಸೀಟಿನಲ್ಲಿ ಒಬ್ಬಳೂ ಗೆಲ್ಲಲಿಲ್ಲ. ಆಮೇಲೆ ವಯನಾಡಿನ ಉಪಚುನಾವಣೆಯಲ್ಲಿ ಪ್ರಿಯಾಂಕಾ ಗಾಂಧಿ ಬಂದರು, ಅವರೂ ಹೊರಗಿನಿಂದ. ಪಂಚಾಯತಿನಲ್ಲಿ ಹೆಂಗಸರಿಗೆ ಆಡಳಿತ ನಡೆಸಲು ಗೊತ್ತು ಅಂತ ತಿಳಿದ ಮೇಲೂ ಪಕ್ಷಗಳು ಟಿಕೆಟ್ ಕೊಡುವಾಗ ಯಾಕೆ ಹಿಂದೆ ಮುಂದೆ ನೋಡುತ್ತವೆ?

ನಮ್ಮ ವಾರ್ಡಿನ ಸದಸ್ಯೆ ಕುಟುಂಬಶ್ರೀಯಿಂದ ಮೇಲೆ ಬಂದವರು. ಮೊದಮೊದಲು ಗ್ರಾಮಸಭೆಯಲ್ಲಿ ಅವರ ಪಕ್ಕ ಪಕ್ಷದ ಗಂಡಸರಿಬ್ಬರು ಕೂತು ಅವರ ಪಾಲಿನ ಉತ್ತರವನ್ನೂ ತಾವೇ ಕೊಡುತ್ತಿದ್ದರು. ನಡಾವಳಿ ಪುಸ್ತಕ ಮಲಯಾಳದಲ್ಲಿ. ಹಿಂದಿನ ಸಾಲಿನ ಹೆಂಗಸರಲ್ಲಿ ತುಂಬ ಜನರಿಗೆ ಮಲಯಾಳ ಮಾತು ಅರ್ಥ ಆಗುತ್ತದೆ, ಓದಲು ಬರುವುದಿಲ್ಲ. ಸಹಿ ಹಾಕಿ ಚಹಾ ಕುಡಿದು ಮನೆಗೆ ಹೋಗುತ್ತಿದ್ದರು. ಆಚೆ ವರ್ಷ ಬೀಡಿ ಕಟ್ಟುವ ಒಬ್ಬರು ಎದ್ದು ನಿಂತರು. "ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿ. ಮತ್ತೆ ಸಹಿ ಹಾಕುವ." ಹೊತ್ತಾಯ್ತು ಅಂತ ಪಕ್ಕದ ಗಂಡಸರು ಅಂದರು. ಸದಸ್ಯೆ ಮೈಕು ಎತ್ತಿಕೊಂಡು ಒಂದೊಂದೇ ವಿಷಯ ಕನ್ನಡದಲ್ಲಿ ಹೇಳಿದರು. ಬಸ್ ಸ್ಟಾಪಿನ ಹತ್ತಿರದ ಮಹಿಳಾ ಶೌಚಾಲಯ "ಉಪಯೋಗದಲ್ಲಿದೆ" ಅಂತ ಬರೆದಿತ್ತು. ಉದ್ಘಾಟನೆಯ ಫೋಟೋ ತೆಗೆದ ದಿನದಿಂದ ಅದಕ್ಕೆ ಬೀಗ. ಆಗ ಹಿಂದಿನ ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಲು ಶುರು ಮಾಡಿದರು. ಮನೆಮನೆಯ ಕಸ ಒಯ್ಯುವ ಹರಿತ ಕರ್ಮ ಸೇನೆಯವರು, ಅಂಗನವಾಡಿ ಟೀಚರು, ಪೇಟೆಯ ಅಂಗಡಿಗೆ ಹೋಗುವ ಹುಡುಗಿಯರು. ಸಭೆ ಮುಗಿಯುವಾಗ ಆ ಸಾಲನ್ನು ಹೊಡೆದುಹಾಕಿ ಬೇರೆ ಬರೆದರು. ಬೀಗದ ಕೈ ಈಗ ಪಕ್ಕದ ಕುಟುಂಬಶ್ರೀ ಹೋಟೆಲಿನಲ್ಲಿದೆ, ಬೆಳಗ್ಗೆ ಅವರೇ ತೆರೆಯುತ್ತಾರೆ. ಮುಂದಿನ ಸಭೆಗೆ ಹೆಂಗಸರು ಹಾಕಿಕೊಂಡ ಪಟ್ಟಿಯಲ್ಲಿ ಮೊದಲನೆಯದು ಸಂಜೆ ಏಳರ ನಂತರದ ಬಸ್ಸು. ಅದರ ಕೆಳಗೆ, ನಡಾವಳಿಯನ್ನು ಕನ್ನಡದಲ್ಲೂ ಬರೆಯಬೇಕು ಅಂತ ಇದೆ.